ಬಾಗಿಲು ತೆಗೆಯುವ ಮೊದಲಿನ ಪುಟ

"ಟೀಚರ್, ನಮ್ಮ ಹುಡುಗ ಯಾರಿಗೂ ಏನೂ ಕೊಡಲ್ಲ. ಎಲ್ಲಾ ನಂದು ನಂದು ಅಂತಾನೆ. ಶೇರ್ ಮಾಡೋದು ಕಲಿಸೋ ಪುಸ್ತಕ ಇದ್ರೆ ಹೇಳಿ." ಕುವೆಂಪುನಗರದ ನಮ್ಮ ಪಾರ್ಕಿನಲ್ಲಿ ಅಮ್ಮಂದಿರು, ಈಚೆಗೆ ಅಪ್ಪಂದಿರೂ, ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. ಒಂದೆರಡು ಹೆಸರು ಹೇಳಿ ಕಳಿಸಬಹುದು. ಆದರೆ ಅಂಗಡಿಯಿಂದ ತಂದ ಪುಸ್ತಕವನ್ನು ಮಲಗುವ ಹೊತ್ತಿಗೆ ಸರಸರ ಓದಿ, ಕೊನೆಗೆ "ನೋಡಿದ್ಯಾ, ಅದಕ್ಕೇ ಎಲ್ಲರಿಗೂ ಕೊಡಬೇಕು" ಎಂದು ಮುಚ್ಚಿಬಿಟ್ಟರೆ ಪುಸ್ತಕ ಏನು ಮಾಡೀತು? ಅದಕ್ಕೇ ಈ ಸಲ ಕೂತು ಬರೆಯುತ್ತಿದ್ದೇನೆ.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದವಳು. ಹೆಚ್ಚು ವರ್ಷ ಕೆಲಸ ಮಾಡಿದ್ದು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ನಲಿ ಕಲಿ ಶುರುವಾದದ್ದು ಅಲ್ಲೇ, 1995ರಲ್ಲಿ. ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದ ಮೇಷ್ಟ್ರುಗಳು ಯುನಿಸೆಫ್ ನೆರವಿನಿಂದ ಕಟ್ಟಿದ ಪದ್ಧತಿ. ಒಂದನೇ, ಎರಡನೇ, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಗುಂಪು ಗುಂಪಾಗಿ ಕೂರುತ್ತಾರೆ. ಕಲಿಕಾ ಕಾರ್ಡು, ಕಡ್ಡಿ, ಬೀಜ ಎಲ್ಲವೂ ಗುಂಪಿನದು. ಗೊತ್ತಿರುವ ಮಗು ಗೊತ್ತಿಲ್ಲದ ಮಗುವಿಗೆ ಹೇಳಿಕೊಡುತ್ತದೆ. ಒಂದೇ ಡಬ್ಬಿಯ ಹುಣಸೆ ಬೀಜವನ್ನು ನಾಲ್ಕು ಮಕ್ಕಳು ಎಣಿಸಬೇಕಾದಾಗ ಜಗಳವೂ ಆಗುತ್ತಿತ್ತು, ಜಗಳ ಮುಗಿಯುತ್ತಲೂ ಇತ್ತು. ಹಂಚಿಕೊಳ್ಳುವುದು ಅಂದರೆ ಏನು ಎಂದು ನಾನು ಕಲಿತದ್ದು ಆ ನೆಲದ ಮೇಲೆ ಕೂತು.

ಈಗ ನಿವೃತ್ತಿಯಾಗಿದೆ. ಭಾನುವಾರ ಬೆಳಿಗ್ಗೆ ಹೊಂಗೆ ಮರದ ಕೆಳಗೆ ಜಮಖಾನ ಹಾಸುತ್ತೇನೆ. ಮೂರರಿಂದ ಆರು ವರ್ಷದ ಮಕ್ಕಳು ಬರುತ್ತಾರೆ. ನನ್ನನ್ನು ಟೀಚರಜ್ಜಿ ಅನ್ನುತ್ತಾರೆ. ಬಟ್ಟೆ ಚೀಲದಲ್ಲಿ ಪುಸ್ತಕ ಇರುತ್ತವೆ, ಹರಿದವಕ್ಕೆ ಅಂಟಿಸಲು ಟೇಪೂ ಇರುತ್ತದೆ.

ತಂದೆ ತಾಯಂದಿರಿಗೆ ಮೊದಲು ಹೇಳುವ ಮಾತು ಇದು. ಎರಡೂವರೆ, ಮೂರು ವರ್ಷದ ಮಗು "ನಂದು" ಎಂದರೆ ಹೆದರಬೇಡಿ. ತಾನು ಬೇರೆ, ಬೇರೆಯವರು ಬೇರೆ ಎನ್ನುವುದು ಅದಕ್ಕೆ ಈಗಷ್ಟೇ ಗೊತ್ತಾಗುತ್ತಿದೆ. ತನ್ನದು ಎನ್ನುವುದು ಗಟ್ಟಿಯಾಗದೆ ಕೊಡುವುದಾದರೂ ಏನನ್ನು? 2008ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಸ್ವಿಟ್ಜರ್ಲೆಂಡಿನ ಮಕ್ಕಳದ್ದು. ಮೂರು ನಾಲ್ಕು ವರ್ಷದವರಲ್ಲಿ ಹೆಚ್ಚಿನವರು ತಮ್ಮ ಪಾಲನ್ನಷ್ಟೇ ನೋಡಿಕೊಂಡರು. ಏಳೆಂಟು ವರ್ಷದವರಲ್ಲಿ ಹೆಚ್ಚಿನವರು ಇಬ್ಬರಿಗೂ ಸಮಪಾಲು ಆಗುವಂತೆ ಆರಿಸಿದರು. ನಡುವೆ ನಾಲ್ಕು ವರ್ಷ ಇದೆ. ಆ ನಾಲ್ಕು ವರ್ಷ ನಮಗೆ ಸಿಗುವ ಸಮಯ. ನಾಳೆ ಬೆಳಿಗ್ಗೆಯೊಳಗೆ ಮಗು ಬದಲಾಗಬೇಕು ಎಂದು ಪುಸ್ತಕ ಕೊಳ್ಳಬೇಡಿ.

ಇನ್ನು ಪುಸ್ತಕ. ಕಥೆ ಏನೇ ಇರಲಿ, ಹತ್ತು ಮಕ್ಕಳ ನಡುವೆ ಒಂದೇ ಪುಸ್ತಕ ಇದ್ದರೆ ಅದೇ ಮೊದಲ ಪಾಠ. "ಟೀಚರಜ್ಜಿ, ಕಾಣ್ತಿಲ್ಲ." "ಅವನ ತಲೆ ಅಡ್ಡ ಬರುತ್ತೆ." "ನಾನು ಪಕ್ಕದಲ್ಲಿ ಕೂರ್ತೀನಿ." ಇದನ್ನೆಲ್ಲ ಗದರಿಸಿ ನಿಲ್ಲಿಸಬಾರದು. ನಾನು ಪುಸ್ತಕವನ್ನು ಎದೆಯ ಹತ್ತಿರ, ಚಿತ್ರ ಮಕ್ಕಳ ಕಡೆಗೆ ಮಾಡಿ ಹಿಡಿಯುತ್ತೇನೆ. ಆ ತುದಿಯಿಂದ ಈ ತುದಿಗೆ ನಿಧಾನ ತೋರಿಸುತ್ತೇನೆ. ಪುಟ ತಿರುಗಿಸುವ ಸರದಿ ಇರುತ್ತದೆ, ಒಂದು ಪುಟ ಒಬ್ಬರಿಗೆ. ಮೂರು ವರ್ಷದವರಿಗೆ ಕೊಟ್ಟುಬಿಡುವುದು ಕಷ್ಟ, ಸರದಿ ಸುಲಭ. ಏಕೆಂದರೆ ಸರದಿಯಲ್ಲಿ ಹೋದದ್ದು ತಿರುಗಿ ಬರುತ್ತದೆ. ತಿರುಗಿ ಬರುತ್ತದೆ ಎಂದು ಒಂದು ಸಲ ನಂಬಿಕೆ ಬಂದರೆ ಮಗುವಿನ ಮುಷ್ಟಿ ತಾನಾಗಿ ಸಡಿಲವಾಗುತ್ತದೆ. ಆ ನಂಬಿಕೆ ಉಳಿಸುವುದು ನಮ್ಮ ಕೆಲಸ. ಸರದಿ ಬರುತ್ತೆ ಅಂದಮೇಲೆ ಬರಲೇಬೇಕು. ಊಟಕ್ಕೆ ಹೊತ್ತಾಯ್ತು ಎಂದು ಕೊನೆಯ ಮಗುವನ್ನು ಬಿಟ್ಟು ಪುಸ್ತಕ ಮುಚ್ಚಬಾರದು.

ಇದಕ್ಕಿಂತ ದೊಡ್ಡದು ಮುಖ ನೋಡುವುದು.

ಚಿತ್ರಪುಸ್ತಕದ ಶಕ್ತಿ ಇರುವುದು ಮುಖಗಳಲ್ಲಿ. ಅಕ್ಷರ ಬಾರದ ಮಗುವಿಗೂ ಹುಬ್ಬು, ತುಟಿ, ಬಗ್ಗಿದ ಭುಜ ಓದಲು ಬರುತ್ತದೆ. ಕಥೆಯಲ್ಲಿ ಒಂದು ಹುಡುಗಿ ಚೆಂಡನ್ನು ಬಿಗಿಯಾಗಿ ಅಪ್ಪಿಕೊಂಡಿದ್ದಾಳೆ, ಪಕ್ಕದಲ್ಲಿ ಇನ್ನೊಂದು ಮಗು ಸುಮ್ನೆ ನಿಂತಿದೆ ಎಂದುಕೊಳ್ಳಿ. ನಾನು ಅಲ್ಲಿ ಓದು ನಿಲ್ಲಿಸುತ್ತೇನೆ. "ಈ ಮಗುಗೆ ಏನಾಗಿದೆ?" ಎಂದು ಕೇಳುತ್ತೇನೆ. "ಬೇಜಾರು" ಎಂದು ಒಬ್ಬರು. "ಅಲ್ಲ, ಕೋಪ" ಎಂದು ಇನ್ನೊಬ್ಬರು. "ಹೇಗೆ ಗೊತ್ತಾಯ್ತು?" ಎಂದರೆ ಎದ್ದು ಬಂದು ಚಿತ್ರದ ಮೇಲೆ ಬೆರಳಿಡುತ್ತಾರೆ. ಆಮೇಲೆ, "ಚೆಂಡು ಹಿಡ್ಕೊಂಡಿರೋಳಿಗೆ ಏನನ್ನಿಸ್ತಿದೆ?" ಈ ಎರಡನೇ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ. ಕೊಡದವಳು ಕೆಟ್ಟವಳು ಎಂದು ಮೊದಲೇ ತೀರ್ಮಾನ ಆಗಿರುತ್ತದೆ. ಮಕ್ಕಳು ಹಾಗಲ್ಲ. ಒಮ್ಮೆ ಒಂದು ಪುಟ್ಟ ಹುಡುಗಿ ಹೇಳಿದಳು: "ಅವಳಿಗೆ ಭಯ. ಕೊಟ್ರೆ ಒದ್ದು ಮೋರಿಗೆ ಹಾಕ್ತಾರೆ." ಅವಳ ಚೆಂಡಿಗೆ ಹಾಗೇ ಆಗಿತ್ತು ಎಂದು ಅವಳ ಅಣ್ಣ ಹೇಳಿದ.

2013ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸೀಲಿಯಾ ಬ್ರೌನೆಲ್ ಮತ್ತು ಅವರ ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಒಂದೂವರೆಯಿಂದ ಎರಡೂವರೆ ವರ್ಷದ ಮಕ್ಕಳಿಗೆ ತಂದೆ ತಾಯಿ ಪುಸ್ತಕ ಓದುವುದನ್ನು ಗಮನಿಸಿದರು. ಆ ಮಕ್ಕಳು ಎಷ್ಟು ಬೇಗ ಬೇರೆಯವರಿಗೆ ಕೊಡುತ್ತಾರೆ, ನೆರವಾಗುತ್ತಾರೆ ಎಂದೂ ನೋಡಿದರು. ಬೇಗ ಕೊಟ್ಟವರು ಯಾರು ಗೊತ್ತಾ? ಚಿತ್ರದಲ್ಲಿರುವವರಿಗೆ ಏನನ್ನಿಸುತ್ತಿದೆ, ಯಾಕೆ ಎಂದು ಯಾರ ಮನೆಯಲ್ಲಿ ಮಗುವಿನ ಬಾಯಿಂದಲೇ ಹೇಳಿಸುತ್ತಿದ್ದರೋ ಆ ಮಕ್ಕಳು. ಅಪ್ಪ ಅಮ್ಮ ತಾವೇ ಎಷ್ಟು ವಿವರಿಸಿದರು ಎನ್ನುವುದಕ್ಕೂ ಕೊಡುವುದಕ್ಕೂ ಅಂಥ ನಂಟು ಕಾಣಲಿಲ್ಲ. ನನಗೆ ಇದನ್ನು ಓದಿ ಬಹಳ ಸಂತೋಷವಾಯಿತು. ನಲಿ ಕಲಿ ಕೋಣೆಯಲ್ಲಿ ನಾವು ಕಂಡಿದ್ದೂ ಇದನ್ನೇ. ಟೀಚರ್ ಮಾತು ಕಮ್ಮಿ, ಮಕ್ಕಳ ಮಾತು ಜಾಸ್ತಿ.

ಈಗ ನನಗೆ ತುಂಬಾ ಇಷ್ಟವಾದ ಪುಸ್ತಕ. ಇಂಗ್ಲೆಂಡಿನ ಪ್ಯಾಟ್ ಹಚಿನ್ಸ್ ಬರೆದು ಚಿತ್ರ ಬಿಡಿಸಿದ 'ದಿ ಡೋರ್‌ಬೆಲ್ ರ‍್ಯಾಂಗ್', 1986ರದ್ದು. ಅಮೆರಿಕದಲ್ಲಿರುವ ನನ್ನ ಮಗಳು ಹಳೇ ಪುಸ್ತಕದ ಮಾರಾಟದಲ್ಲಿ ಕೊಂಡು ತಂದುಕೊಟ್ಟಳು. ಅಮ್ಮ ಹನ್ನೆರಡು ಬಿಸ್ಕತ್ತು ಮಾಡುತ್ತಾಳೆ. ಅಣ್ಣ ತಂಗಿ ಇಬ್ಬರು, ತಲಾ ಆರು. ಅಷ್ಟರಲ್ಲಿ ಬೆಲ್ ಆಗುತ್ತದೆ, ಪಕ್ಕದ ಮನೆಯ ಇಬ್ಬರು ಬರುತ್ತಾರೆ. ತಲಾ ಮೂರು. ಮತ್ತೆ ಬೆಲ್, ಇನ್ನಿಬ್ಬರು. ತಲಾ ಎರಡು. ಮತ್ತೆ ಬೆಲ್, ಒಟ್ಟಿಗೆ ಆರು ಮಕ್ಕಳು. ಈಗ ಎಲ್ಲರ ತಟ್ಟೆಯಲ್ಲೂ ಒಂದೊಂದೇ. ಆಗ ಇನ್ನೊಂದು ಸಲ ಬೆಲ್ ಆಗುತ್ತದೆ. ಬಾಗಿಲು ತೆಗೆಯುವ ಮೊದಲು ತಿಂದುಬಿಡುವುದು ಒಳ್ಳೆಯದೇನೋ ಎಂದು ಅಮ್ಮ ಹೇಳುತ್ತಾಳೆ.

ನಾನು ಇದನ್ನು ಕನ್ನಡದಲ್ಲೇ ಹೇಳುತ್ತೇನೆ, ಬಿಸ್ಕತ್ತಿನ ಬದಲು ಕೋಡುಬಳೆ. ನಿಜವಾದ ಕೋಡುಬಳೆಯನ್ನೇ ತಟ್ಟೆಯಲ್ಲಿಟ್ಟುಕೊಂಡು ಕೂರುತ್ತೇವೆ. ಇಬ್ಬರು ಜಮಖಾನದ ಮೇಲೆ, ಉಳಿದವರು ಮರದ ಹಿಂದೆ. ಬೆಲ್ಲಿಗೆ ಒಂದು ಪೂಜೆಯ ಗಂಟೆ. ಗಂಟೆ ಬಾರಿಸುವುದಕ್ಕೂ ಸರದಿ ಇದೆ. ಪ್ರತಿ ಗಂಟೆಗೂ ಕೋಡುಬಳೆಗಳನ್ನು ಹೊಸದಾಗಿ ಪಾಲು ಮಾಡಬೇಕು. ಮಗ್ಗಿ ಗೊತ್ತಿಲ್ಲದ ಮಕ್ಕಳು "ನಿಂಗೊಂದು, ನಂಗೊಂದು" ಎನ್ನುತ್ತಾ ಭಾಗಾಕಾರ ಮಾಡಿ ಮುಗಿಸುತ್ತಾರೆ. ತನ್ನ ಮುಂದಿದ್ದ ಆರು ಮೂರಾಗುವಾಗ ಮಕ್ಕಳ ಮುಖದಲ್ಲಿ ಏನೇನು ಬಂದು ಹೋಗುತ್ತದೆ ಎನ್ನುವುದನ್ನು ನೀವು ನೋಡಬೇಕು. ನಷ್ಟ ಅವರಿಗೆ ತಿಳಿಯುತ್ತದೆ. ತಿಳಿಯಲಿ. ಪಕ್ಕದಲ್ಲಿ ಬಂದು ಕೂತ ಗೆಳತಿಯ ಮೊಣಕಾಲು ತಾಗುವುದೂ ತಿಳಿಯುತ್ತದೆ. ಎರಡೂ ಒಟ್ಟಿಗೇ ಆಗುತ್ತವೆ. ಪುಸ್ತಕ ಇದನ್ನು ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ.

ಕೊನೆಯ ಗಂಟೆಯ ಪುಟದಲ್ಲಿ ನಾನು ನಿಲ್ಲಿಸುತ್ತೇನೆ. "ಬಾಗಿಲು ತೆಗೆಯೋಣ್ವಾ? ಮೊದಲು ತಿಂದುಬಿಡೋಣ್ವಾ?" ಅರ್ಧ ಜನ ತಿಂದುಬಿಡೋಣ ಎಂದು ಕೂಗುತ್ತಾರೆ. ನಾನು ಏನೂ ಅನ್ನುವುದಿಲ್ಲ. ಅವರು ನಿಜ ಹೇಳುತ್ತಿದ್ದಾರೆ. ನಿಜ ಹೇಳುವ ಜಾಗದಲ್ಲಿ ಮಾತ್ರ ಮಕ್ಕಳು ಯೋಚಿಸುತ್ತಾರೆ. ಒಂದು ಸಲ ಒಬ್ಬ ಹುಡುಗ ತನ್ನ ಕೋಡುಬಳೆಯನ್ನು ಚಟ್ ಎಂದು ಮುರಿದು, "ನನ್ನ ಹತ್ರ ಎರಡಿದೆ, ಬಾಗಿಲು ತೆಗೀರಿ" ಎಂದ. ಇನ್ನೊಬ್ಬಳು, "ಯಾರು ಬಂದಿದ್ದಾರೆ ಅಂತ ಕಿಟಕೀಲಿ ನೋಡಿ ಆಮೇಲೆ ಹೇಳ್ತೀನಿ" ಎಂದಳು. ಪುಸ್ತಕದಲ್ಲಿ ಮಕ್ಕಳು ಕಾಯುತ್ತಾರೆ, ಬಾಗಿಲು ತೆಗೆದರೆ ಅಜ್ಜಿ! ಕೈಯಲ್ಲಿ ದೊಡ್ಡ ತಟ್ಟೆ ತುಂಬ ಇನ್ನಷ್ಟು ಬಿಸ್ಕತ್ತು. ಮಕ್ಕಳಿಗೆ ಅದು ಬಹಳ ಖುಷಿ. ನನಗೆ ಮಾತ್ರ ಬಾಗಿಲು ಇನ್ನೂ ಮುಚ್ಚಿರುವ ಆ ಪುಟವೇ ಮುಖ್ಯ. ಎಲ್ಲರ ಮನೆಗೂ ಎಲ್ಲ ದಿನವೂ ಅಜ್ಜಿ ತಟ್ಟೆ ತುಂಬ ತರುವುದಿಲ್ಲ. ತಟ್ಟೆ ಬರುತ್ತದೆ ಎಂದು ಗೊತ್ತಿಲ್ಲದೆಯೂ ಬಾಗಿಲು ತೆಗೆಯಬಹುದಾ ಎಂದು ಮಗು ಯೋಚಿಸುವುದು ಆ ಪುಟದಲ್ಲೇ.

ಇನ್ನೊಂದು ಪುಸ್ತಕ ಎಲ್ಲರ ಮನೆಯಲ್ಲೂ ಇದೆ. ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಬಂದಿರುತ್ತದೆ. ಮಾರ್ಕಸ್ ಫಿಸ್ಟರ್ ಅವರ 'ರೇನ್‌ಬೋ ಫಿಶ್'. 1992ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಜರ್ಮನ್ ಭಾಷೆಯಲ್ಲಿ ಬಂದದ್ದು. ಹೊಳೆಯುವ ಹಾಳೆ ಅಂಟಿಸಿದ ಮೀನಿನ ಚಿತ್ರ ಬಹಳ ಚೆಂದ, ಮಕ್ಕಳು ಬೆರಳಲ್ಲಿ ಸವರುತ್ತಲೇ ಇರುತ್ತಾರೆ. ಕಥೆ ಇಷ್ಟು. ಆ ಮೀನಿಗೆ ಬೇರೆ ಯಾರಿಗೂ ಇಲ್ಲದ ಮಿರುಗುವ ಹುರುಪೆಗಳು. ಪುಟ್ಟ ನೀಲಿ ಮೀನು ಬಂದು ಒಂದು ಕೊಡು ಎಂದು ಕೇಳುತ್ತದೆ. ಇದು ಗದರಿಸಿ ಓಡಿಸುತ್ತದೆ. ಆಮೇಲೆ ಯಾರೂ ಜೊತೆ ಸೇರುವುದಿಲ್ಲ. ಆಕ್ಟೋಪಸ್ ಹತ್ತಿರ ಹೋಗಿ ಕೇಳಿದರೆ, ಒಂದೊಂದು ಹುರುಪೆಯನ್ನು ಎಲ್ಲರಿಗೂ ಕೊಟ್ಟುಬಿಡು, ಸುಖವಾಗಿರುತ್ತೀಯ ಎನ್ನುತ್ತದೆ. ಮೀನು ಕೊಡುತ್ತದೆ. ಎಲ್ಲರೂ ಗೆಳೆಯರಾಗುತ್ತಾರೆ.

ಈ ಪುಸ್ತಕದ ಬಗ್ಗೆ ಹೊರದೇಶಗಳಲ್ಲೂ ತುಂಬಾ ವಾದ ನಡೆದಿದೆ. ನನ್ನ ಅಭಿಪ್ರಾಯ ಹೇಳುತ್ತೇನೆ. ಗದರಿಸಿದ್ದು ತಪ್ಪು, ಅದನ್ನು ಮಕ್ಕಳ ಜೊತೆ ಮಾತಾಡಬೇಕು. ಆದರೆ ಹುರುಪೆ ಆಟದ ಸಾಮಾನಲ್ಲ, ಮೈಯ ಭಾಗ. ನಮ್ಮ ಗುಂಪಿನ ನಾಲ್ಕು ವರ್ಷದ ಮಗುವೊಂದು ಮೊದಲು ಕೇಳಿದ ಪ್ರಶ್ನೆಯೇ "ಕಿತ್ರೆ ಅದಕ್ಕೆ ನೋವಾಗಲ್ವಾ?" ಎಂದು. ನಿನ್ನ ಮೈಯನ್ನು ಕಿತ್ತು ಕೊಟ್ಟರೆ ಮಾತ್ರ ನಿನ್ನ ಜೊತೆ ಆಡುತ್ತೇವೆ ಎನ್ನುವವರು ಗೆಳೆಯರಾ? ಹೆಣ್ಣುಮಕ್ಕಳಿಗೆ, ಮೆತ್ತಗಿರುವ ಮಕ್ಕಳಿಗೆ ಈ ಪಾಠ ಹಾಗೆಯೇ ಹೋಗಿ ಕೂತರೆ ಮುಂದೆ ಬಹಳ ಕಷ್ಟ. ಹಾಗಂತ ಪುಸ್ತಕ ಬಚ್ಚಿಡಬೇಡಿ. ಓದಿ. ಆಕ್ಟೋಪಸ್ ಹೇಳಿದ್ದು ಸರಿಯಾ ಎಂದು ಕೇಳಿ. ಮೀನು ಬೇರೆ ಏನು ಮಾಡಬಹುದಿತ್ತು? "ಸಾರಿ ಹೇಳಬಹುದಿತ್ತು", "ಜೂಟಾಟ ಆಡಬಹುದಿತ್ತು", "ಕತ್ತಲೆಯಾದಾಗ ಮುಂದೆ ಹೋಗಿ ದಾರಿ ತೋರಿಸಬಹುದಿತ್ತು" ಎಂದೆಲ್ಲ ನಮ್ಮ ಮಕ್ಕಳು ಹೇಳಿದ್ದಾರೆ. ಕೊನೆಯದು ನನಗೆ ಮೂಲ ಕಥೆಗಿಂತ ಇಷ್ಟ.

ಮಗುವಿನ ಕೈಯಿಂದ ಕಿತ್ತು "ಕೊಡು, ಕೊಡು, ಜಾಣ ಅಲ್ವಾ" ಎಂದು ಬೇರೆ ಮಗುವಿಗೆ ಕೊಡಿಸುವವರಿಗೂ ಒಂದು ಮಾತು. ಕಾರ್ನೆಲ್ ವಿಶ್ವವಿದ್ಯಾಲಯದ ನಾಡಿಯಾ ಚೆರ್ನ್ಯಾಕ್ ಮತ್ತು ತಾಮರ್ ಕುಶ್ನಿರ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚಿಕ್ಕ ಮಕ್ಕಳಿಗೆ ಬೇಜಾರಾಗಿರುವ ಒಂದು ಬೊಂಬೆ ತೋರಿಸಿದರು. ಕೆಲವರಿಗೆ, ಸ್ಟಿಕ್ಕರನ್ನು ನೀನೇ ಇಟ್ಟುಕೋ ಅಥವಾ ಬೊಂಬೆಗೆ ಕೊಡು, ನಿನ್ನಿಷ್ಟ ಎಂದರು. ಕೆಲವರಿಗೆ ಕೊಡಲೇಬೇಕು ಎಂದರು. ಆಮೇಲೆ ಇನ್ನೊಂದು ಬೊಂಬೆ ಬಂದಾಗ ಹೆಚ್ಚು ಕೊಟ್ಟವರು, ಮೊದಲು ತಾವಾಗಿ ಆರಿಸಿ ಕೊಟ್ಟ ಮಕ್ಕಳು. ಇಟ್ಟುಕೊಳ್ಳುವ ಹಕ್ಕು ಇದ್ದೂ ಕೊಟ್ಟಾಗ, ತಾನು ಕೊಡುವವಳು ಎಂದು ಮಗುವಿಗೆ ತನ್ನ ಬಗ್ಗೆಯೇ ತಿಳಿಯುತ್ತದೆ. ಅದಕ್ಕೇ ನಮ್ಮ ಜಮಖಾನಕ್ಕೆ ಬರುವ ಮೊದಲು, ಯಾರಿಗೂ ಕೊಡಲು ಇಷ್ಟವಿಲ್ಲದ ಆಟದ ಸಾಮಾನನ್ನು ಮನೆಯಲ್ಲೇ ಬಿಟ್ಟು ಬನ್ನಿ ಎಂದು ಹೇಳುತ್ತೇನೆ. ದೊಡ್ಡವರೂ ತಮ್ಮ ಎಲ್ಲ ವಸ್ತುವನ್ನೂ ಎಲ್ಲರಿಗೂ ಕೊಡುವುದಿಲ್ಲ, ಅಲ್ವಾ?

ಪ್ರಾಣಿ ಕಥೆಯಾ, ಮನುಷ್ಯರ ಕಥೆಯಾ? ಇದೂ ಕೇಳುತ್ತಿರುತ್ತಾರೆ. ಟೊರಾಂಟೊದಲ್ಲಿ ಪೆಟ್ರಿಷಿಯಾ ಗ್ಯಾನಿಯಾ ಮತ್ತು ಜೊತೆಗಾರರು ಇದನ್ನು ಪರೀಕ್ಷಿಸಿದರು. 2017ರಲ್ಲಿ ಹೊರಬಂತು. ನಾಲ್ಕರಿಂದ ಆರು ವರ್ಷದ ಮಕ್ಕಳು. ಹಂಚಿಕೊಳ್ಳಲು ಕಲಿಯುವ ರಕೂನ್ ಎಂಬ ಪ್ರಾಣಿಯ ಕಥೆ ಕೆಲವರಿಗೆ, ಅದೇ ಕಥೆ ಮನುಷ್ಯರ ಚಿತ್ರಗಳೊಂದಿಗೆ ಕೆಲವರಿಗೆ. ಮನುಷ್ಯರ ಕಥೆ ಕೇಳಿದ ಮಕ್ಕಳು ಆಮೇಲೆ ಮೊದಲಿಗಿಂತ ಹೆಚ್ಚು ಸ್ಟಿಕ್ಕರ್ ಕೊಟ್ಟರು. ಪ್ರಾಣಿ ಕಥೆ ಕೇಳಿದವರಲ್ಲಿ ಹಾಗಾಗಲಿಲ್ಲ. ನಾನು ಇದನ್ನು ಓದಿ ಪಂಚತಂತ್ರ ಕೆಳಗಿಡಲಿಲ್ಲ. ಬಲೆಗೆ ಬಿದ್ದ ಪಾರಿವಾಳಗಳು ಒಟ್ಟಿಗೆ ಹಾರುವುದು, ಇಲಿ ಬಲೆ ಕಡಿಯಲು ಬಂದಾಗ ಅವುಗಳ ರಾಜ "ಮೊದಲು ಇವರನ್ನು ಬಿಡಿಸು" ಎನ್ನುವುದು, ಇದಕ್ಕಿಂತ ಒಳ್ಳೆಯ ಗೆಳೆತನದ ಚಿತ್ರ ಎಲ್ಲಿದೆ? ಮಕ್ಕಳು ಎದ್ದು ಕೈ ಬಡಿದು ಹಾರುತ್ತಾರೆ. ಆದರೆ ಪ್ರಾಣಿ ಕಥೆಯ ಪಕ್ಕದಲ್ಲೇ, ತನ್ನಂತೆ ಚಡ್ಡಿ ಹಾಕಿಕೊಂಡ, ತನ್ನ ಓಣಿಯಂಥ ಓಣಿಯಲ್ಲಿ ಓಡುವ ಮಗುವಿನ ಪುಸ್ತಕವೂ ಬೇಕು ಎನ್ನುವುದು ಗಟ್ಟಿಯಾಯಿತು.

ಅಂಥವು ಈಗ ಸಿಗುತ್ತವೆ. ನಾನು ಕೆಲಸಕ್ಕೆ ಸೇರಿದಾಗ ಶಾಲೆಯ ಕಪಾಟಿನಲ್ಲಿ ಚಿತ್ರಪುಸ್ತಕ ಎಂದರೆ ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯದವು ಇದ್ದವು, ಅವೂ ಬೀಗದ ಒಳಗೆ. ಚೆನ್ನೈನ ತೂಲಿಕಾ 1996ರಿಂದ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಚಿತ್ರಪುಸ್ತಕ ತರುತ್ತಾ ಬಂದಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಶುರುವಾದದ್ದು 2004ರಲ್ಲಿ. 2015ರಲ್ಲಿ ಅವರು ಸ್ಟೋರಿವೀವರ್ ತಾಣ ತೆರೆದರು. ಅಲ್ಲಿ ಕನ್ನಡದಲ್ಲೂ ಕಥೆಗಳು ಪುಕ್ಕಟೆ, ಓದಿನ ನಾಲ್ಕು ಹಂತಗಳಲ್ಲಿವೆ. ಮುಕ್ತ ಪರವಾನಗಿ ಇರುವುದರಿಂದ ಡೌನ್‌ಲೋಡ್ ಮಾಡಬಹುದು, ಪ್ರಿಂಟ್ ಹಾಕಬಹುದು, ಅನುವಾದವನ್ನೂ ಮಾಡಬಹುದು. ಹಂಚಿಕೊಳ್ಳುವ ಕಥೆಗಳನ್ನು ಪುಸ್ತಕ ಮಾಡಿದವರೇ ಹಂಚಿಕೊಂಡಿದ್ದಾರೆ! ಒಂದು ಕೋರಿಕೆ ಮಾತ್ರ: ಫೋನಿನಲ್ಲಿ ಒಬ್ಬೊಬ್ಬರಿಗೆ ತೋರಿಸಬೇಡಿ. ಚಿಕ್ಕ ಪರದೆಗೆ ಒಂದೇ ತಲೆ. ಪ್ರಿಂಟ್ ಹಾಕಿ, ಹೊಲಿದು, ನಡುವೆ ಇಟ್ಟುಕೊಳ್ಳಿ.

ಪ್ರಥಮ್‌ನ ಒಂದು ಪುಸ್ತಕದಲ್ಲಿ, ಬರೆದವರು ರೋಹಿಣಿ ನಿಲೇಕಣಿ, ಜಾತ್ರೆಯಲ್ಲಿ ಕೊಂಡ ಟೋಪಿ ಗಾಳಿಗೆ ಹಾರಿ ಮರಕ್ಕೆ ಸಿಕ್ಕಿಕೊಳ್ಳುತ್ತದೆ. ಮಗು ಅಳುತ್ತದೆ, ಊಟ ಬೇಡ ಎನ್ನುತ್ತದೆ. ರಾತ್ರಿ ಚಂದ್ರ ಬಂದು ಆ ಟೋಪಿ ಹಾಕಿಕೊಂಡು ನಗುತ್ತಾನೆ. ಮಗುವೂ ನಗುತ್ತದೆ. ಹಂಚಿಕೋ ಎನ್ನುವ ಮಾತು ಈ ಕಥೆಯಲ್ಲಿ ಇಲ್ಲ. ಆದರೆ ನನ್ನ ವಸ್ತು ಇನ್ನೊಬ್ಬರಿಗೆ ಚೆನ್ನಾಗಿ ಒಪ್ಪುತ್ತದೆ ಎಂದು ಸಂತೋಷಪಡುವುದು ಇದೆ. ಅದು ಕೊಡುವುದಕ್ಕಿಂತಲೂ ಒಂದು ಮೆಟ್ಟಿಲು ಮೇಲೆ. ಹುಣ್ಣಿಮೆಯ ವಾರ ಇದನ್ನು ಓದಿದರೆ ಮಕ್ಕಳು ಮನೆಗೆ ಹೋಗಿ ಟೆರೇಸಿನ ಮೇಲೆ ಟೋಪಿ ಇಡುತ್ತಾರೆ.

ಗೆಳೆತನದ ಪುಸ್ತಕಗಳಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ಆರ್ನಾಲ್ಡ್ ಲೋಬೆಲ್ ಅವರ ಕಪ್ಪೆ ಮತ್ತು ನೆಲಗಪ್ಪೆ, 1970ರ ಪುಸ್ತಕ. ಅದರಲ್ಲಿ ಒಂದು ಕಥೆ ಕಾಗದದ್ದು. ನೆಲಗಪ್ಪೆಗೆ ಯಾರೂ ಕಾಗದ ಬರೆಯುವುದಿಲ್ಲ. ಅಂಚೆಯ ಹೊತ್ತಿಗೆ ಮೆಟ್ಟಿಲ ಮೇಲೆ ಬೇಜಾರಾಗಿ ಕೂತಿರುತ್ತದೆ. ಕಪ್ಪೆ ಓಡಿ ಮನೆಗೆ ಹೋಗಿ ಒಂದು ಕಾಗದ ಬರೆದು ಬಸವನಹುಳುವಿನ ಕೈಗೆ ಕೊಡುತ್ತದೆ. ತಿರುಗಿ ಬಂದು, ತಡೆಯಲಾರದೆ, ನಾನೇ ಬರೆದಿದ್ದೇನೆ, ಹೀಗೆ ಹೀಗೆ ಬರೆದಿದ್ದೇನೆ ಎಂದು ಹೇಳಿಬಿಡುತ್ತದೆ. ಆಮೇಲೆ ಇಬ್ಬರೂ ಪಕ್ಕ ಪಕ್ಕ ಕೂತು ಕಾಯುತ್ತಾರೆ. ಬಸವನಹುಳು ಬರಲು ನಾಲ್ಕು ದಿನ. ಇಲ್ಲಿ ಯಾರೂ ಯಾರಿಗೂ ಆಟದ ಸಾಮಾನು ಕೊಡುವುದಿಲ್ಲ. ಸಮಯ ಕೊಡುತ್ತಾರೆ. ಮೊದಲ ಸಲ ಈ ಕಥೆ ಹೇಳಿದ ಮೇಲೆ ಪೋಸ್ಟ್ ಕಾರ್ಡ್ ತಂದು ಮಕ್ಕಳ ಕೈಲಿ ಚಿತ್ರ ಬರೆಸಿ, ಪಕ್ಕದ ರಸ್ತೆಯ ಗೆಳೆಯರಿಗೇ ಅಂಚೆಗೆ ಹಾಕಿಸಿದೆ. ಎಷ್ಟೋ ಮನೆಯಲ್ಲಿ ಮಗುವಿನ ಹೆಸರಿಗೆ ಅಂಚೆ ಬಂದದ್ದು ಅದೇ ಮೊದಲು. ಪೋಸ್ಟ್‌ಮ್ಯಾನ್ ಕೂಡ ಗೇಟಿನ ಹತ್ತಿರ ನಿಂತು ಮಗುವನ್ನೇ ಕರೆದು ಕೊಟ್ಟರಂತೆ.

ಲಿಯೊ ಲಿಯೊನಿ ಅವರ ಪುಟ್ಟ ನೀಲಿ, ಪುಟ್ಟ ಹಳದಿ ಕಥೆಯೂ ಚೀಲದಲ್ಲಿದೆ. 1959ರದ್ದು. ಮೊಮ್ಮಕ್ಕಳ ಜೊತೆ ರೈಲಿನಲ್ಲಿ ಹೋಗುವಾಗ, ಅವರನ್ನು ಸುಮ್ಮನಿರಿಸಲು, ಕೈಯಲ್ಲಿದ್ದ ಲೈಫ್ ಪತ್ರಿಕೆಯ ಹಾಳೆ ಹರಿದು ಹುಟ್ಟಿಸಿದ ಕಥೆಯಂತೆ. ಎರಡು ಬಣ್ಣದ ಚುಕ್ಕೆಗಳು ಗೆಳೆಯರು. ಖುಷಿಯಲ್ಲಿ ಅಪ್ಪಿಕೊಂಡು ಹಸಿರಾಗಿಬಿಡುತ್ತವೆ. ಮನೆಗೆ ಹೋದರೆ ಅಪ್ಪ ಅಮ್ಮನಿಗೆ ಗುರುತೇ ಸಿಗುವುದಿಲ್ಲ. ನಾಟಕದ ಲೈಟಿಗೆ ಕಟ್ಟುವ ಬಣ್ಣದ ಹಾಳೆಯ ಎರಡು ತುಂಡು ಇದ್ದರೆ ಸಾಕು. ಬಿಸಿಲಿಗೆ ಹಿಡಿದು ಒಂದರ ಮೇಲೊಂದು ಇಟ್ಟಾಗ ಮಕ್ಕಳು "ಹೋ!" ಎನ್ನುತ್ತಾರೆ.

ಇಷ್ಟೆಲ್ಲ ಇದ್ದರೂ ನನಗೆ ಒಂದು ಕೊರಗು ಇದೆ. ನಮ್ಮ ಮಕ್ಕಳ ಗೆಳೆತನದ ಸ್ವಂತ ಪದ್ಧತಿಗಳು ನನ್ನ ಚೀಲದ ಯಾವ ಚಿತ್ರಪುಸ್ತಕದಲ್ಲೂ ಇಲ್ಲ. ಟೂ ಬಿಡುವುದನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಟೂ, ಮಧ್ಯಾಹ್ನದ ಊಟಕ್ಕೆ ರಾಜಿ. ನಡುವೆ ಇನ್ನೊಬ್ಬಳು ರಾಯಭಾರಿ, "ಅವಳು ಮಾತಾಡಿದ್ರೆ ನಾನೂ ಮಾತಾಡ್ತೀನಿ ಅಂತ ಹೇಳು." ದೊಡ್ಡವರ ನೆರವಿಲ್ಲದೆ ಮಕ್ಕಳೇ ಜಗಳ ಬಿಡಿಸಿಕೊಳ್ಳುವ ದಾರಿ ಇದು. ಇನ್ನು ಹುಟ್ಟುಹಬ್ಬದ ದಿನ ಬಣ್ಣದ ಬಟ್ಟೆ ಹಾಕಿಕೊಂಡು ಕ್ಲಾಸಿನಲ್ಲಿ ಚಾಕಲೇಟ್ ಹಂಚುವುದು. ಜೊತೆಗೆ ಬರಲು ಯಾರನ್ನು ಆರಿಸುತ್ತಾರೆ, ಉಳಿದ ಒಂದು ಯಾರಿಗೆ ಹೋಗುತ್ತದೆ, ಅದೊಂದು ದೊಡ್ಡ ಕಥೆ. ಗುಬ್ಬಿ ಎಂಜಲನ್ನಂತೂ ಬಿಡುವ ಹಾಗೇ ಇಲ್ಲ. ಇರುವುದು ಒಂದೇ ಪೆಪ್ಪರ್ಮೆಂಟು, ತಿನ್ನುವವರು ಇಬ್ಬರು. ಅಂಗಿಯ ತುದಿಯಲ್ಲಿ ಸುತ್ತಿ, ಬಟ್ಟೆಯ ಮೇಲಿಂದ ಕಟ್ ಎಂದು ಕಚ್ಚಿ, "ಎಂಜಲಾಗಿಲ್ಲ, ಗುಬ್ಬಿ ಎಂಜಲು" ಎಂದು ಅರ್ಧ ಕೊಡುವುದು. ಎಂಜಲು, ಮಡಿ ಎಂದೆಲ್ಲ ದೊಡ್ಡವರು ಹಾಕಿದ ಗೆರೆಯನ್ನು ಮಕ್ಕಳು ಒಂದು ಅಂಗಿಯ ತುದಿಯಲ್ಲಿ ದಾಟಿಬಿಟ್ಟರು. ಎಚ್.ಡಿ. ಕೋಟೆಯ ಶಾಲೆಯಲ್ಲಿ ಯಾವ ಜಾತಿಯ ಮಗು ಯಾವ ಜಾತಿಯ ಮಗುವಿಗೆ ಹೀಗೆ ಕೊಟ್ಟಿತು ಎಂದು ಕಣ್ಣಾರೆ ಕಂಡವಳು ನಾನು. ಇದು ಪುಸ್ತಕವಾಗಲೇಬೇಕು.

ಯಾರೋ ಬರೆಯಲಿ ಎಂದು ಕಾಯುವುದು ಯಾಕೆ? ಹೋದ ಮಳೆಗಾಲದಲ್ಲಿ ನಾವೇ ಒಂದು ಪುಸ್ತಕ ಮಾಡಿದೆವು. ಜಿ.ಪಿ. ರಾಜರತ್ನಂ ಅವರ ತುತ್ತೂರಿ ಪದ್ಯ ಎಲ್ಲರಿಗೂ ಬಾಯಿಪಾಠ. ಕಸ್ತೂರಿ ಎಂಬ ಹುಡುಗ, ಬಣ್ಣದ ತಗಡಿನ ತುತ್ತೂರಿ, ತನ್ನ ಹತ್ತಿರ ಮಾತ್ರ ಇದೆ ಎಂಬ ಜಂಬ, ಕೊಳದ ಬಳಿ ಹೋಗುವಾಗ ನೀರಿಗೆ ಜಾರಿ ಬಣ್ಣ ಹೋಗುವುದು. ಒಂದೊಂದು ಸಾಲಿಗೆ ಒಬ್ಬೊಬ್ಬರು ಚಿತ್ರ ಬಿಡಿಸಿದರು. ಪದ್ಯ ಮುಗಿದ ಮೇಲೆ ಖಾಲಿ ಹಾಳೆ ಉಳಿದಿತ್ತು. "ಈಗ ಏನಾಗುತ್ತೆ?" ಎಂದೆ. ಸುಮಾರು ಹೊತ್ತು ಚರ್ಚೆ. ಜಂಬ ಮಾಡಿದ್ದಕ್ಕೆ ಸರಿಯಾಯ್ತು ಎಂದು ದೊಡ್ಡ ಹುಡುಗನೊಬ್ಬ. ಐದು ವರ್ಷದವಳೊಬ್ಬಳು ಒಪ್ಪಲಿಲ್ಲ. ಅವಳು ಬಿಡಿಸಿದ ಚಿತ್ರದಲ್ಲಿ ಕಸ್ತೂರಿ ದಡದಲ್ಲಿ ಅಳುತ್ತಿದ್ದಾನೆ, ಇನ್ನೊಂದು ಹುಡುಗಿ ಕೋಲಿನಿಂದ ತುತ್ತೂರಿ ಎಳೆಯುತ್ತಿದ್ದಾಳೆ. ಕೆಳಗೆ ನನ್ನ ಕೈಲಿ ಬರೆಸಿದಳು: "ಬಣ್ಣ ಹೋಯ್ತು. ಊದಿದ್ರೆ ಸೌಂಡ್ ಬರುತ್ತೆ. ಇಬ್ಬರೂ ಊದಿದರು."

ಈಗ ಗುಬ್ಬಿ ಎಂಜಲಿನ ಪುಸ್ತಕ ಶುರು ಮಾಡುತ್ತಿದ್ದೇವೆ. ಮೊದಲ ಪುಟಕ್ಕೆ ಅಂಗಿಯ ಬಟ್ಟೆಯನ್ನೇ ಅಂಟಿಸಬೇಕು ಎಂದು ಮಕ್ಕಳ ಹಟ, ಅದಕ್ಕೆ ಟೈಲರ್ ಅಂಗಡಿಯಲ್ಲಿ ತುಂಡು ಬಟ್ಟೆ ಕೇಳಿದ್ದೇನೆ. ಹಾಳೆಗೆ ಹಳೇ ಕ್ಯಾಲೆಂಡರಿನ ಹಿಂಭಾಗ ಚೆನ್ನಾಗಿರುತ್ತದೆ, ದಪ್ಪ ಇರುತ್ತದೆ, ಬಣ್ಣ ಇಳಿಯುವುದಿಲ್ಲ. ಕುವೆಂಪುನಗರದ ಸುತ್ತಮುತ್ತ ಇರುವವರ ಮನೆಯಲ್ಲಿ ಹೋದ ವರ್ಷದ ಕ್ಯಾಲೆಂಡರ್ ಇದ್ದರೆ ರದ್ದಿಗೆ ಹಾಕಬೇಡಿ. ಭಾನುವಾರ ಬೆಳಿಗ್ಗೆ ಪಾರ್ಕಿಗೆ ತನ್ನಿ, ಮಕ್ಕಳನ್ನೂ ಕರೆತನ್ನಿ.